ಕೊನೆಯ ನೂರು ಮೀಟರ್ ಯಾರ ಕೈಯಲ್ಲಿ?

ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾಕ್ಕೆ ಸಣ್ಣ ಹಡಗಿನಲ್ಲಿ ತಿಮಿಂಗಿಲ ನೋಡಲು ಹೋಗುವುದು ಸರಿಯೇ? ಅಮೆರಿಕದ ಪಶ್ಚಿಮ ತೀರದಲ್ಲಿ ನೆಲೆಸಿರುವ ಕನ್ನಡಿಗ ಗೆಳೆಯರು ಚಳಿಗಾಲ ಬಂದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಹೋಗಿ ಎಂದೇ ಹೇಳುತ್ತೇನೆ. ಆದರೆ ಹಡಗು ಚಿಕ್ಕದು ಎಂಬ ಒಂದೇ ಕಾರಣಕ್ಕೆ ಆ ಪ್ರವಾಸ ಒಳ್ಳೆಯದು ಎಂದು ನಂಬಬೇಡಿ. ಇವತ್ತು ನನಗೆ ಹೇಳಲಿಕ್ಕಿರುವುದು ಇಷ್ಟೇ: ತಿಮಿಂಗಿಲಕ್ಕೂ ನಿಮಗೂ ನಡುವಿನ ಕೊನೆಯ ನೂರು ಮೀಟರಿನಲ್ಲಿ ದೋಣಿಯ ಚುಕ್ಕಾಣಿ ಯಾರ ಕೈಯಲ್ಲಿದೆ ಎಂಬುದನ್ನು ನೋಡಿ.

ಮೊದಲು ಆ ಜಾಗದ ಬಗ್ಗೆ ಹೇಳಬೇಕು. ಸಾವಿರದ ಇನ್ನೂರು ಕಿಲೋಮೀಟರಿಗೂ ಉದ್ದದ ಒಣ ಪರ್ಯಾಯದ್ವೀಪ ಅದು. ಪಶ್ಚಿಮಕ್ಕೆ ಪೆಸಿಫಿಕ್, ಪೂರ್ವಕ್ಕೆ ಕಾರ್ಟೆಜ್ ಸಮುದ್ರ. ಪೆಸಿಫಿಕ್ ಬದಿಯಲ್ಲಿ ಉತ್ತರದಿಂದ ತಣ್ಣನೆಯ ಪ್ರವಾಹ ಹರಿದು ಬರುತ್ತದೆ. ಗಾಳಿ ಮೇಲಿನ ನೀರನ್ನು ತೀರದಿಂದ ಆಚೆಗೆ ತಳ್ಳಿದಾಗ ಆಳದ ತಂಪು ನೀರು ಪೋಷಕಾಂಶಗಳನ್ನು ಹೊತ್ತು ಮೇಲೆ ಬರುತ್ತದೆ. ಕಡಲು ತಂಪಾಗಿರುವುದರಿಂದ ಮಳೆಮೋಡ ಕಟ್ಟುವುದು ಕಷ್ಟ. ನೆಲವನ್ನು ಬರಡು ಮಾಡುವ ನೀರೇ ಕಡಲನ್ನು ತುಂಬಿಸುತ್ತದೆ. ಹಡಗಿನ ಮೇಲ್ಭಾಗದಲ್ಲಿ ನಿಂತರೆ ಒಂದು ಕಡೆ ಹತ್ತಾರು ಅಡಿ ಎತ್ತರದ ಕಾರ್ಡೋನ್ ಕಳ್ಳಿಗಳು, ಇನ್ನೊಂದು ಕಡೆ ಮೀನಿನ ಹಿಂಡಿಗೆ ಧುಮುಕುವ ಪೆಲಿಕನ್‌ಗಳು. ಈ ದೃಶ್ಯ ನನಗೆ ಎಂದೂ ಹಳತಾಗಿಲ್ಲ.

ಈ ತೀರದಲ್ಲಿ ದೊಡ್ಡ ನದಿಗಳು ಕಡಲಿಗೆ ಸೇರುವುದಿಲ್ಲ. ಓಹೋ ದೆ ಲಿಯೆಬ್ರೆ, ಸಾನ್ ಇಗ್ನಾಸಿಯೊ, ಮಗ್ದಲೇನಾ ಕೊಲ್ಲಿ ಇವೆಲ್ಲ ಮರಳ ದಿಬ್ಬಗಳ ಹಿಂದೆ ಅಡಗಿರುವ ಆಳವಿಲ್ಲದ, ಶಾಂತವಾದ ಉಪ್ಪುನೀರಿನ ಹಿನ್ನೀರುಗಳು. ಬೂದು ತಿಮಿಂಗಿಲಗಳು ಆರ್ಕ್ಟಿಕ್‌ನ ಕಡಲುಗಳಿಂದ ಇಲ್ಲಿಗೆ ಬಂದು ಮರಿ ಹಾಕುತ್ತವೆ. ಹೋಗಿ ಬರುವ ದಾರಿ ಒಟ್ಟು ಹದಿನಾರು ಸಾವಿರ ಕಿಲೋಮೀಟರಿಗೂ ಹೆಚ್ಚು. ಆ ತಾಯಿ ತಿನ್ನುವುದು ಬಹುಪಾಲು ಬೇಸಿಗೆಯಲ್ಲಿ, ಉತ್ತರದ ಕಡಲತಳದ ಕೆಸರಿನಲ್ಲಿ. ಇಲ್ಲಿ ಅವಳು ಹೆಚ್ಚುಕಡಿಮೆ ಉಪವಾಸ. ಹುಟ್ಟುವಾಗಲೇ ನಾಲ್ಕು ಮೀಟರಿಗೂ ಉದ್ದವಿರುವ ಮರಿಗೆ ಅರ್ಧದಷ್ಟು ಕೊಬ್ಬೇ ಇರುವ ಹಾಲನ್ನು ತನ್ನ ಮೈಯ ಉಳಿತಾಯದಿಂದಲೇ ಕೊಡಬೇಕು. ಒಂದು ದೋಣಿ ಅವಳನ್ನು ಅಟ್ಟಿಸಿಕೊಂಡು ಹೋದರೆ ಅವಳು ಓಡಲು ಖರ್ಚು ಮಾಡುವ ಕೊಬ್ಬು ಮತ್ತೆ ಸಿಗುವುದು ತಿಂಗಳುಗಳ ನಂತರ, ಸಾವಿರಾರು ಕಿಲೋಮೀಟರ್ ಆಚೆ. ತಿಮಿಂಗಿಲ ನೋಡುವ ಪ್ರವಾಸಗಳ ನೀತಿ ಅನೀತಿಯನ್ನು ನಾನು ಅಳೆಯುವುದು ಈ ಲೆಕ್ಕದಿಂದ.

ಸಣ್ಣ ಹಡಗಿನ ಮಾತಿಗೆ ಬರೋಣ. ಚಾರ್ಲ್ಸ್ ಸ್ಕ್ಯಾಮನ್ ಎಂಬ ತಿಮಿಂಗಿಲ ಬೇಟೆಯ ಕಪ್ತಾನ 1857ರಲ್ಲಿ ಓಹೋ ದೆ ಲಿಯೆಬ್ರೆಯ ಬಾಯಿ ಹುಡುಕಿ ಒಳಗೆ ಹೊಕ್ಕಾಗ ಅವನದ್ದೂ ಇಂದಿನ ಅಳತೆಗೆ ಪುಟ್ಟ ಹಾಯಿಹಡಗು. ಅಷ್ಟು ಚಿಕ್ಕದಾಗಿದ್ದುದರಿಂದಲೇ ಆ ಮರಳ ಕಾಲುವೆಗಳಲ್ಲಿ ಅದು ಒಳಗೆ ಹೋಗಲು ಸಾಧ್ಯವಾಯಿತು. ಅವನ ಹಿಂದೆ ಬೇರೆಯವರೂ ಬಂದರು. ಕೆಲವೇ ವರ್ಷಗಳಲ್ಲಿ ಆ ಹೆರಿಗೆಯ ಹಿನ್ನೀರು ಬರಿದಾಯಿತು. ಮರಿಯನ್ನು ಕಾಪಾಡಲು ತಾಯಂದಿರು ದೋಣಿಗಳನ್ನು ಒಡೆದರು. ಅದನ್ನು ಕಂಡ ಬೇಟೆಗಾರರು ಈ ಜೀವಿಯನ್ನು ಕ್ರೂರಿ ಎಂದು ಕರೆದರು. ಇಪ್ಪತ್ತನೇ ಶತಮಾನದ ನಡುವಿನ ಅಂತರರಾಷ್ಟ್ರೀಯ ಒಪ್ಪಂದಗಳು ವಾಣಿಜ್ಯ ಬೇಟೆಯನ್ನು ತಡೆಯುವವರೆಗೆ ಅವುಗಳಿಗೆ ನೆಮ್ಮದಿ ಇರಲಿಲ್ಲ.

ಅದೇ ಜಾತಿಯ ಒಂದು ತಿಮಿಂಗಿಲ 1972ರಲ್ಲಿ ಸಾನ್ ಇಗ್ನಾಸಿಯೊದಲ್ಲಿ ಫ್ರಾನ್ಸಿಸ್ಕೊ ಮಾಯೊರಾಲ್ ಎಂಬ ಮೀನುಗಾರನ ದೋಣಿಯ ಪಕ್ಕಕ್ಕೆ ತಾನಾಗಿ ಬಂದಿತು. ಊರಿನವರು ಪಚೀಕೊ ಎಂದು ಕರೆಯುತ್ತಿದ್ದ ಅವರು ಮೊದಲು ಹೆದರಿದರು, ಆಮೇಲೆ ಕೈ ಚಾಚಿ ಮುಟ್ಟಿದರು. ಅಲ್ಲಿಯವರೆಗೆ ಆ ಊರಿನ ಮೀನುಗಾರರು ಈ ಪ್ರಾಣಿ ಕಂಡರೆ ದೋಣಿ ತಿರುಗಿಸುತ್ತಿದ್ದರು. ಇಂದು ಆ ಹಿನ್ನೀರಿನ ಕುಟುಂಬಗಳೇ ಪಾಂಗಾ ಎನ್ನುವ ಸಣ್ಣ ಮೋಟಾರು ದೋಣಿಗಳಲ್ಲಿ ಪ್ರವಾಸಿಗರನ್ನು ಕರೆದೊಯ್ಯುತ್ತವೆ. ಒಂದು ಹೊತ್ತಿಗೆ ಎಷ್ಟು ದೋಣಿ ನೀರಿನಲ್ಲಿರಬಹುದು, ಎಷ್ಟು ಹೊತ್ತು ಇರಬಹುದು ಎಂಬುದಕ್ಕೆ ಅಲ್ಲಿ ಮಿತಿಯಿದೆ. ಒಳ್ಳೆಯ ದೋಣಿಗಾರ ವೇಗ ಇಳಿಸಿ ಕಾಯುತ್ತಾನೆ. ತಿಮಿಂಗಿಲ ಬಂದರೆ ಬಂದಿತು. ಬಾರದಿದ್ದರೆ ನೀವು ದೂರದ ಉಸಿರಿನ ಕಾರಂಜಿಯನ್ನಷ್ಟೇ ನೋಡಿ ಹಿಂದಿರುಗುತ್ತೀರಿ. ಹಾಗೆ ಹಿಂದಿರುಗಲು ಮನಸ್ಸಿಲ್ಲದವರು ಅಲ್ಲಿಗೆ ಹೋಗಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಈ ಜನರ ಪಾಲು ದೋಣಿ ನಡೆಸುವುದಕ್ಕೇ ಮುಗಿಯುವುದಿಲ್ಲ. 1990ರ ದಶಕದಲ್ಲಿ ಸಾನ್ ಇಗ್ನಾಸಿಯೊ ದಡದಲ್ಲಿ ಬೃಹತ್ ಉಪ್ಪಿನ ಕಾರ್ಖಾನೆ ಕಟ್ಟುವ ಯೋಜನೆ ಬಂದಿತು. ಮೆಕ್ಸಿಕೋ ಸರ್ಕಾರ ಮತ್ತು ಜಪಾನಿನ ಮಿತ್ಸುಬಿಷಿ ಪಾಲುದಾರರಾಗಿದ್ದ ಕಂಪನಿ ಅದರ ಹಿಂದಿತ್ತು. 1993ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಜಾಗ ಅದು. ದೇಶ ವಿದೇಶಗಳಲ್ಲಿ ವಿರೋಧ ಬೆಳೆಯಿತು. 2000ದ ಮಾರ್ಚ್‌ನಲ್ಲಿ ಅಧ್ಯಕ್ಷ ಎರ್ನೆಸ್ಟೊ ಸೆಡಿಯೊ ಯೋಜನೆಯನ್ನು ಕೈಬಿಟ್ಟರು. ಪರಿಸರ ಸಂಘಟನೆಗಳ ಹೋರಾಟವನ್ನು ಎಲ್ಲರೂ ನೆನೆಯುತ್ತಾರೆ. ನೆನೆಯಬೇಕಾದದ್ದೇ. ಆದರೆ ಜೀವಂತ ತಿಮಿಂಗಿಲದಿಂದ ಮನೆ ನಡೆಯುತ್ತದೆ ಎಂದು ತೋರಿಸಿಕೊಟ್ಟ ಮೀನುಗಾರರು ಅಲ್ಲಿ ಇಲ್ಲದಿದ್ದರೆ ಆ ಹೋರಾಟಕ್ಕೆ ಕಾಲೂರಲು ನೆಲವೇ ಇರುತ್ತಿರಲಿಲ್ಲ. ಆದ್ದರಿಂದಲೇ ಹಡಗಿನವರು ತಮ್ಮದೇ ರಬ್ಬರ್ ದೋಣಿ ಇಳಿಸಿ, ತಮ್ಮದೇ ಸಿಬ್ಬಂದಿಯಿಂದ ನಡೆಸಿ, ಊರಿಗೆ ಒಂದು ಪೆಸೊ ಕೂಡ ಬಿಡದೆ ಹೋಗುವುದನ್ನು ನಾನು ಒಪ್ಪಲಾರೆ. ಆ ಹಡಗಿನಲ್ಲಿ ಅರುವತ್ತೇ ಜನರಿರಲಿ, ಆರೇ ಜನರಿರಲಿ.

ಸಣ್ಣ ಹಡಗಿಗೆ ಸಲ್ಲಬೇಕಾದ ಮೆಚ್ಚುಗೆಯೂ ಇದೆ. ಪರ್ಯಾಯದ್ವೀಪದ ದಕ್ಷಿಣ ತುದಿಯ ಕಾಬೊ ಸಾನ್ ಲೂಕಾಸ್‌ಗೆ ಬರುವ, ಸಾವಿರಾರು ಜನರ ತೇಲುವ ನಗರಗಳಂಥ ಹಡಗುಗಳು ಎಂದೂ ತಲುಪಲಾರದ ಜಾಗಗಳಲ್ಲಿ ಅದು ಲಂಗರು ಹಾಕುತ್ತದೆ. ಕಾರ್ಟೆಜ್ ಸಮುದ್ರದ ಬದಿಯಲ್ಲಿ ಲಾಸ್ ಇಸ್ಲೋಟೆಸ್ ಬಂಡೆಗಳ ಕಡಲಸಿಂಹಗಳು, ಬಾಲದಲ್ಲಿ ಗಿಲಕಿಯೇ ಇಲ್ಲದ ಗಿಲಕಿಹಾವಿರುವ ಸಾಂತಾ ಕತಲೀನಾ ದ್ವೀಪ, ಚಳಿಗಾಲದ ಕೊನೆಗೆ ಲೊರೆಟೊ ಊರಿನ ಮುಂದೆ ಕಾಣುವ ನೀಲಿ ತಿಮಿಂಗಿಲ, ಇವನ್ನೆಲ್ಲ ಒಂದೇ ವಾರದಲ್ಲಿ ನೋಡಿಸಬಲ್ಲದು. ಜೊತೆಗೆ ಒಬ್ಬ ಜೀವವಿಜ್ಞಾನಿ ಇದ್ದರೆ ಆ ವಾರ ಒಂದು ಪಾಠಶಾಲೆಯೇ ಆಗುತ್ತದೆ.

ಆದರೆ ಇದು ಹಿಂದಿನಂಥ ಕಾಲವಲ್ಲ. 2016ರ ಹೊತ್ತಿಗೆ ಸುಮಾರು 27,000 ಇದ್ದ ಪೂರ್ವ ಪೆಸಿಫಿಕ್‌ನ ಬೂದು ತಿಮಿಂಗಿಲಗಳು 2025ರ ಅಂದಾಜಿನಲ್ಲಿ ಸುಮಾರು 13,000ಕ್ಕೆ ಇಳಿದಿವೆ. 2019ರಿಂದ ತೀರದುದ್ದಕ್ಕೂ ಬಡಕಲಾದ ಶವಗಳು ಬಂದು ಬಿದ್ದವು. ಆರ್ಕ್ಟಿಕ್ ಬಿಸಿಯಾಗುತ್ತಿರುವುದರಿಂದ ಅಲ್ಲಿನ ಕೆಸರಿನಲ್ಲಿ ಅವುಗಳಿಗೆ ಸಿಗುವ ಆಹಾರವೇ ಬದಲಾಗುತ್ತಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಹಸಿದು ಬಂದ ತಾಯಿಯ ಮುಂದೆ ನಿಲ್ಲುವ ದೋಣಿಯ ಹೊಣೆ ಹತ್ತು ವರ್ಷದ ಹಿಂದಿನ ದೋಣಿಯ ಹೊಣೆಗಿಂತ ದೊಡ್ಡದು. ಹೀಗಿರುವಾಗ, ತಿಮಿಂಗಿಲದ ಮೂತಿಯ ಮೇಲೆ ಕೈಯಿಟ್ಟ ಚಿತ್ರವನ್ನು ಮುಂದೆ ಮಾಡಿ ಟಿಕೆಟ್ ಮಾರುವುದು ನಿಲ್ಲಬೇಕು. ಅದು ತಾನಾಗಿ ಹತ್ತಿರ ಬಂದಾಗ ಮುಟ್ಟಿದವರನ್ನು ನಾನು ದೂರುವುದಿಲ್ಲ. ಆದರೆ ಮುಟ್ಟಿಸುತ್ತೇವೆ ಎಂದು ಮೊದಲೇ ಮಾತು ಕೊಟ್ಟ ಕಂಪನಿಯ ದೋಣಿಗಾರನಿಗೆ ಸುಮ್ಮನೆ ಕಾದು ನಿಲ್ಲುವ ಸ್ವಾತಂತ್ರ್ಯ ಇರುವುದಿಲ್ಲ.

ಕಾಸು ಕೊಡುವ ಮೊದಲು ಕೇಳಿ: ಹಿನ್ನೀರಿನಲ್ಲಿ ನಮ್ಮನ್ನು ಕರೆದೊಯ್ಯುವ ಪಾಂಗಾ ಯಾರದ್ದು? ತಿಮಿಂಗಿಲ ಹತ್ತಿರ ಬಾರದಿದ್ದರೆ ಏನು ಮಾಡುತ್ತೀರಿ? ಎರಡನೆಯ ಪ್ರಶ್ನೆಗೆ "ಖಂಡಿತ ಬರುತ್ತದೆ" ಎನ್ನುವವರ ಹಡಗು ಹತ್ತಬೇಡಿ.

ಇದು ನಮಗೂ ತೀರಾ ದೂರದ ಮಾತಲ್ಲ. ಇನ್ನೊಂದು ಮರುಭೂಮಿ ತೀರವಾದ ಒಮಾನ್‌ನ ಬಳಿ ವಿಜ್ಞಾನಿಗಳು ಉಪಗ್ರಹ ಗುರುತು ಅಂಟಿಸಿದ ಲುಬಾನ್ ಎಂಬ ಗೂನುಬೆನ್ನಿನ ತಿಮಿಂಗಿಲ 2017ರ ಕೊನೆಗೆ ಅರಬ್ಬಿ ಸಮುದ್ರ ದಾಟಿ ಭಾರತದ ಪಶ್ಚಿಮ ಕರಾವಳಿಗೆ ಬಂದು ದಕ್ಷಿಣದ ತುದಿಯವರೆಗೆ ಇಳಿದಳು. ಒಮಾನ್ ತೀರದಲ್ಲಿ ಆ ಬಳಗದ ಸಂಖ್ಯೆ ನೂರಕ್ಕಿಂತ ಕಡಿಮೆ ಎಂಬ ಅಂದಾಜಿದೆ. ಕಾರವಾರ, ಗೋಕರ್ಣಗಳಲ್ಲಿ ಡಾಲ್ಫಿನ್ ತೋರಿಸುವ ದೋಣಿಗಳು ಈಗಾಗಲೇ ಓಡುತ್ತಿವೆ. ನಾಳೆ ಅವು ತಿಮಿಂಗಿಲವನ್ನು ಹುಡುಕಿಕೊಂಡು ಹೊರಡುವ ಮೊದಲೇ ದೋಣಿಗಳ ಸಂಖ್ಯೆ, ಅಂತರ, ವೇಗ ಎಲ್ಲಕ್ಕೂ ಮಿತಿ ಬರೆದಿಡಬೇಕು. ಆ ಮಿತಿಯನ್ನು ಬರೆಯುವ ಮೇಜಿನ ಸುತ್ತ ಇಲ್ಲಿನ ಮೀನುಗಾರ ಸಮುದಾಯಗಳಾದ ಹರಿಕಂತ್ರರೂ ಖಾರ್ವಿಗಳೂ ಕುಳಿತಿರಬೇಕು. ಪರವಾನಗಿ ಮೊದಲು ಸಿಗಬೇಕಾದದ್ದೂ ಅವರಿಗೇ.