ಬೀಗ ಹಾಕುವ ಮುಂಚೆ ದಾಖಲಾತಿ ಪುಸ್ತಕ ಮೇಲಕ್ಕೆತ್ತಿಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಶಾಲೆಯ ವರ್ಷ ಮುಗಿಯುತ್ತಾ ಬಂತು, ಪ್ರಾಥಮಿಕ ಶಾಲೆಯವರಿಗೆ ನಾಲ್ಕು ಮಾತು ನೆನಪಿಸಿ ಎಂದು ಭದ್ರಾವತಿ ಆಕಾಶವಾಣಿಯವರು ಕರೆದಿದ್ದಾರೆ. ಶಿಕ್ಷಣ ಸಂಯೋಜಕನಾಗಿ ಈ ಜಿಲ್ಲೆಯ ಶಾಲೆಗಳ ಬೀರು ತೆಗೆಸಿ ನೋಡುವುದೇ ನನ್ನ ಕೆಲಸವಾಗಿತ್ತು. ಅದಕ್ಕೇ ಇವತ್ತು ಬೀರುವಿನ ವಿಷಯವನ್ನೇ ಮಾತಾಡುತ್ತೇನೆ.

ಹೊಸನಗರದ ಕಡೆಯೋ, ತೀರ್ಥಹಳ್ಳಿಯ ಕಡೆಯೋ ಒಂದು ಕಿರಿಯ ಪ್ರಾಥಮಿಕ ಶಾಲೆ. ಇಬ್ಬರೇ ಶಿಕ್ಷಕರು. ಒಬ್ಬರು ಸಂಕಲನಾತ್ಮಕ ಮೌಲ್ಯಮಾಪನದ, ಅಂದರೆ ವರ್ಷದ ಕೊನೆಯ ಪರೀಕ್ಷೆಯ ಅಂಕಗಳನ್ನು ಸ್ಯಾಟ್ಸ್‌ಗೆ, ಅಂದರೆ ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ದಾಖಲೆಗೆ ಏರಿಸಲು ನೆಟ್‌ವರ್ಕ್ ಹುಡುಕಿಕೊಂಡು ದಿಬ್ಬ ಹತ್ತಿದ್ದಾರೆ. ಇನ್ನೊಬ್ಬರು ಒಂದರಿಂದ ಐದರವರೆಗೆ ಎಲ್ಲ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡಿದ್ದಾರೆ. ಏಪ್ರಿಲ್ 10ಕ್ಕೆ ಪೋಷಕರನ್ನು ಕರೆಸಿ ಮಕ್ಕಳ ಕಲಿಕೆ ತೋರಿಸುವ ಸಮುದಾಯದತ್ತ ಶಾಲೆ, ಫಲಿತಾಂಶ. ಮಾರನೆಯ ದಿನದಿಂದ ರಜೆ. ನಾನು ಮಾತಾಡುತ್ತಿರುವುದು ನಿಮ್ಮ ಹತ್ತಿರ. ನಿಮಗೆ ಪುರುಸೊತ್ತಿಲ್ಲ ಎಂದು ಗೊತ್ತು. ಹಾಗಾಗಿ ಒಂದೇ ಕೆಲಸ ಹೇಳುತ್ತೇನೆ: ಶಾಲೆಗೆ ಬೀಗ ಹಾಕುವ ಮುಂಚೆ ಶಾಲೆಗೆ ಸೇರಿದ ಮಕ್ಕಳ ಹೆಸರು, ವಿವರ ಬರೆಯುವ ದಾಖಲಾತಿ ಪುಸ್ತಕವನ್ನು ಬೀರುವಿನ ಕೆಳಹಲಗೆಯಿಂದ ತೆಗೆದು ಮೇಲಿನ ಹಲಗೆಯಲ್ಲಿಡಿ.

ಇಷ್ಟು ಸಣ್ಣ ಕೆಲಸಕ್ಕೆ ರೇಡಿಯೋ ಭಾಷಣ ಬೇಕಾ ಅನ್ನಿಸಬಹುದು. ಬೇಕು. ಯಾಕೆಂದರೆ ನಮ್ಮ ಮಲೆನಾಡಿನ ಲೆಕ್ಕವೇ ಬೇರೆ. ಬಯಲುಸೀಮೆಯ ಶಾಲೆಯವರು ಮೇ ಕೊನೆಗೆ ಬಂದು ಬಾಗಿಲು ತೆಗೆದು ಧೂಳು ಹೊಡೆದರೆ ಮುಗಿಯಿತು. ನಮಗೆ ಹಾಗಲ್ಲ. ಮೇ ತಿಂಗಳಲ್ಲೇ ಗುಡುಗು ಮಳೆ ಹೊಡೆಯುತ್ತದೆ, ಗಾಳಿಗೆ ನಾಲ್ಕು ಹೆಂಚು ಸರಿಯುತ್ತವೆ. ಶಾಲೆಯಲ್ಲಿ ಯಾರೂ ಇರುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು ಎಂದರೆ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವ ಮಾತಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. ಅಂಥ ಊರಲ್ಲಿ ಕಾಗದ ಉಳಿಯಬೇಕಾದರೆ ಉಳಿಸುವ ಕೆಲಸ ಏಪ್ರಿಲ್‌ನ ಬಿಸಿಲಿನಲ್ಲೇ ಆಗಬೇಕು. ಶಾಲೆ ಶುರುವಾದ ಮೇಲೆ ನೋಡೋಣ ಎಂದವರ ಪುಸ್ತಕವನ್ನು ಆಮೇಲೆ ನೋಡುವುದು ಬೂಷ್ಟು ಮತ್ತು ಗೆದ್ದಲು.

"ಸರ್, ಈಗ ಎಲ್ಲ ಆನ್‌ಲೈನ್ ಆಗಿದೆಯಲ್ಲ" ಎಂದು ಎಷ್ಟೋ ಜನ ಕೇಳುತ್ತಾರೆ. ದಯವಿಟ್ಟು ಈ ಮಾತು ಬಿಡಿ. ಸ್ಯಾಟ್ಸ್ ಬಂದದ್ದು ಮೊನ್ನೆ ಮೊನ್ನೆ. ಅದಕ್ಕಿಂತ ಮುಂಚೆ ನಿಮ್ಮ ಶಾಲೆಯಲ್ಲಿ ಓದಿದವರು ಯಾವ ಕಂಪ್ಯೂಟರಿನಲ್ಲೂ ಇಲ್ಲ. ಆ ಉದ್ದನೆಯ ಪುಸ್ತಕದಲ್ಲಿ ಮಾತ್ರ ಇದ್ದಾರೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಬಂದ ಮೇಲೂ ನಮ್ಮ ಹಳ್ಳಿಗಳಲ್ಲಿ ಮನೆಯಲ್ಲೇ ಹೆರಿಗೆಯಾದ ಮಕ್ಕಳ ಹೆಸರನ್ನು ಬರೆಸಿದವರು ಎಷ್ಟು ಜನ? 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರ ಜನ್ಮದಿನಕ್ಕೆ ಜನನ ಪ್ರಮಾಣಪತ್ರವೇ ಪುರಾವೆ ಎಂದು ಕಾನೂನು ತಿದ್ದುಪಡಿಯಾಗಿದೆ, ಸರಿ. ಅದಕ್ಕೆ ಮುಂಚೆ ಹುಟ್ಟಿದವರ ಕಥೆ? ಪಾಸ್‌ಪೋರ್ಟಿಗೆ, ವೃದ್ಧಾಪ್ಯ ವೇತನಕ್ಕೆ, ಆಧಾರ್ ತಿದ್ದುಪಡಿಗೆ ಅವರು ಬರುವುದು ನಿಮ್ಮ ಶಾಲೆಯ ಜಗುಲಿಗೆ. ಅರಣ್ಯ ಹಕ್ಕಿಗೆ ಅರ್ಜಿ ಹಾಕುವವರ ಕಷ್ಟ ಇನ್ನೂ ದೊಡ್ಡದು. 2006ರ ಕಾಯ್ದೆಯ ಪ್ರಕಾರ ಬುಡಕಟ್ಟಿಗೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ ಇಲ್ಲೇ ಇದ್ದೆವು ಎಂದು ತೋರಿಸಬೇಕು. ಅಜ್ಜನ ಹೆಸರು, ಅಜ್ಜನ ಊರು ಬರೆದಿಟ್ಟ ಸರ್ಕಾರಿ ಕಾಗದ ಬಡವನ ಮನೆಯಲ್ಲಿ ಎಲ್ಲಿರುತ್ತದೆ? ಶಾಲೆಯ ಬೀರುವಿನಲ್ಲಿ ಇದ್ದರೆ ಉಂಟು.

ನಾನು ಕಣ್ಣಾರೆ ಕಂಡದ್ದೊಂದು ಹೇಳುತ್ತೇನೆ. ಶರಾವತಿ ಹಿನ್ನೀರಿನ ಕಡೆಯ ಒಂದು ಶಾಲೆ. ಹೆಸರು ಬೇಡ. ಸೇತುವೆ ಆಗಿರದ ಕಾಲ, ಲಾಂಚಿನಲ್ಲಿ ದಾಟಿ ಹೋಗಬೇಕಿತ್ತು. ನಾನು ಹೋದ ದಿನ ಜಗುಲಿಯ ಮೇಲೆ ಒಬ್ಬರು ಕೂತಿದ್ದರು. ಐವತ್ತು ದಾಟಿದ ವಯಸ್ಸು, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಮುಳುಗಡೆಯಲ್ಲಿ, ಅಂದರೆ ಅಣೆಕಟ್ಟಿನ ನೀರಿಗೆ ಊರು ಮುಳುಗುತ್ತದೆ ಎಂದು ಎದ್ದು ಹೋದ ಮನೆತನದವರು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಮುಂಚಿನ ವರ್ಷಗಳಲ್ಲೇ ಇವರ ಅಜ್ಜ ಸಂಸಾರ ಕಟ್ಟಿಕೊಂಡು ಘಟ್ಟದ ಇನ್ನೊಂದು ಮೂಲೆಗೆ ಹೋಗಿದ್ದರು. ಈಗ ಉಳುತ್ತಿದ್ದ ಜಮೀನಿನ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ಕಚೇರಿಯಲ್ಲಿ ಒಂದೇ ಪ್ರಶ್ನೆ: ನೀವು ಮುಳುಗಡೆಯವರು ಎನ್ನುವುದಕ್ಕೆ ಏನಿದೆ? ಊರು ನೀರಿನ ತಳದಲ್ಲಿದೆ. ಮನೆ ಇಲ್ಲ, ದೇವಸ್ಥಾನ ಇಲ್ಲ. ಶಾಲೆ ಮಾತ್ರ ಆಗ ಎತ್ತರದ ಜಾಗಕ್ಕೆ ಬಂದಿತ್ತು, ಬರುವಾಗ ಆಗಿನ ಮೇಷ್ಟ್ರು ದಾಖಲಾತಿ ಪುಸ್ತಕವನ್ನು ಹೊತ್ತು ತಂದಿದ್ದರಂತೆ. "ನಮ್ಮಪ್ಪ ಇದೇ ಶಾಲೆಯಲ್ಲಿ ಮೂರನೇತ್ತಿವರೆಗೆ ಓದಿದ್ದು ಸ್ವಾಮಿ, ಹೆಸರು ಇದ್ದೇ ಇರ್ತದೆ" ಅಂದರು.

ಮುಖ್ಯ ಶಿಕ್ಷಕಿ ಹೊಸಬರು, ಬಹಳ ಚುರುಕಿನವರು. ಕೂಡಲೇ ಬೀರು ತೆಗೆದರು. ಮೇಲಿನ ಹಲಗೆಯಲ್ಲಿ ಕ್ರೀಡಾಕೂಟದ ಕಪ್ಪುಗಳು, ನಲಿ ಕಲಿ ಕಾರ್ಡುಗಳು. ನಡುವೆ ಬಿಸಿಯೂಟದ ಲೆಕ್ಕದ ಪುಸ್ತಕಗಳು. ಹಳೆಯ ದಾಖಲಾತಿ ಪುಸ್ತಕ ಎಲ್ಲಿ? ಎಲ್ಲದಕ್ಕಿಂತ ಕೆಳಗೆ, ಪಡುವಣ ಗೋಡೆಗೆ ಒತ್ತಿಕೊಂಡು. ಅವರು ಎರಡೂ ಕೈ ಹಾಕಿ ಎತ್ತಿದರು. ಬಂತು, ಅಚ್ಚುಬೆಲ್ಲದ ಹಾಗೆ ಒಂದೇ ಗಟ್ಟಿ. ರಟ್ಟಿನ ಮೇಲೆ ಬಿಳಿ ಬೂಷ್ಟು, ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಆ ಮನುಷ್ಯ ಮಾತಾಡಲಿಲ್ಲ. ಫೈಲನ್ನು ಮಡಿಲಿಗೆ ಒತ್ತಿಕೊಂಡು ಪುಸ್ತಕವನ್ನೇ ನೋಡುತ್ತಿದ್ದರು.

ಆ ಟೀಚರಮ್ಮ ಮಾಡಿದ ಕೆಲಸವನ್ನು ನೀವೆಲ್ಲ ಗಮನವಿಟ್ಟು ಕೇಳಬೇಕು. ಹಾಳೆಗಳನ್ನು ಎಳೆಯಲಿಲ್ಲ. ನೆನೆದು ಅಂಟಿದ ಹಾಳೆ ಎಳೆದರೆ ಅಕ್ಷರ ಎದುರಿನ ಪುಟಕ್ಕೆ ಹೋಗುತ್ತದೆ, ಇಲ್ಲವೇ ಹರಿಯುತ್ತದೆ. ಬಿಸಿಲಿಗೂ ಹಾಕಲಿಲ್ಲ. ಅಟ್ಟದ ಕೆಳಗೆ, ಗಾಳಿಯಾಡುವ ನೆರಳಿನಲ್ಲಿ ಹಲಗೆಯ ಮೇಲಿಟ್ಟು, ತಾನಾಗಿ ಬಿಟ್ಟುಕೊಂಡ ಹಾಳೆಗಳ ನಡುವೆ ಹಳೆಯ ಪೇಪರು ತುಂಡು ತೂರಿಸಿದರು. ಪೇಪರು ತೇವ ಕುಡಿದ ಮೇಲೆ ತೆಗೆದು ಬೇರೆ ಹಾಕಿದರು. ಹೀಗೆ ದಿನಗಟ್ಟಲೆ. ಆ ಮನುಷ್ಯ ಮತ್ತೆ ಬಂದಾಗ ನಾನೂ ಹೋಗಿದ್ದೆ. ಸಿಕ್ಕಿತು. ಅವರ ತಂದೆಯ ಹೆಸರು, ಅಜ್ಜನ ಹೆಸರು, ಮುಳುಗಿದ ಊರಿನ ಹೆಸರು. ಹುಟ್ಟಿದ ದಿನಾಂಕದ ಜಾಗದಲ್ಲಿ ನೀಲಿ ಶಾಯಿ ಹರಡಿ ಏನೂ ಓದಲು ಬರುತ್ತಿರಲಿಲ್ಲ. ಆದರೆ ಸಾಲಿನ ಕೊನೆಗೆ, 'ಶಾಲೆ ಬಿಟ್ಟ ಕಾರಣ' ಎನ್ನುವ ಕಾಲಮ್ಮಿನಲ್ಲಿ ಒಂದೇ ಮಾತು: ಮುಳುಗಡೆ. ಅದರ ಕೆಳಗಿನ ಸಾಲಿನಲ್ಲೂ ಮುಳುಗಡೆ. ಇಡೀ ಪುಟ, ಒಂದೇ ಕೈಬರಹ, ಮುಳುಗಡೆ, ಮುಳುಗಡೆ, ಮುಳುಗಡೆ. ಆಗಿನ ಮೇಷ್ಟ್ರು ಒಬ್ಬೊಬ್ಬ ಮಗುವಿನ ಮುಂದೆಯೂ ಪೂರ್ತಿ ಬರೆದಿದ್ದರು. 'ಮೇಲಿನಂತೆ' ಎಂದು ಗೀಟು ಎಳೆದಿರಲಿಲ್ಲ.

ಆ ಪುಟದ ದೃಢೀಕರಿಸಿದ ನಕಲು ತೆಗೆದುಕೊಂಡು ಅವರು ಹೋದರು. ಅವರ ಸೋದರತ್ತೆಯ ಹೆಸರಿದ್ದ ಪುಟ ಮಾತ್ರ ಗೆದ್ದಲು ತಿಂದ ಮೂಲೆಯಲ್ಲಿತ್ತು. ಅದು ಸಿಗಲೇ ಇಲ್ಲ. ಕ್ರೀಡಾಕೂಟದ ಕಪ್ಪುಗಳನ್ನು ಕೆಳಗಿಟ್ಟು ಆ ಪುಸ್ತಕವನ್ನು ಮೇಲಿಟ್ಟಿದ್ದರೆ ಆ ಪುಟವೂ ಇರುತ್ತಿತ್ತು.

ಆದ್ದರಿಂದ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ದಾಖಲಾತಿ ಪುಸ್ತಕ ಮೇಲಿನ ಹಲಗೆಗೆ. ಅದಕ್ಕೆ ಮುಂಚೆ ಒಂದು ಮಧ್ಯಾಹ್ನ ಜಗುಲಿಯಲ್ಲಿ ಬಿಡಿಸಿಟ್ಟು ಗಾಳಿಯಾಡಿಸಿ. ಮಳೆಗಾಲಕ್ಕೆ ಮನೆಯ ಪಡುವಣ ದಿಕ್ಕಿಗೆ ಸೋಗೆ ತಟ್ಟಿ ಕಟ್ಟುವವರು ನಾವು. ಆ ಗೋಡೆ ನೆನೆಯುತ್ತದೆ ಎಂದು ಯಾರೂ ನಮಗೆ ಕಲಿಸಬೇಕಾಗಿಲ್ಲ. ಬೀರುವನ್ನು ಆ ಗೋಡೆಯಿಂದ ಈಚೆಗೆ ಎಳೆಯಿರಿ, ಕಾಲುಗಳ ಕೆಳಗೆ ಇಟ್ಟಿಗೆ ಕೊಡಿ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ, ಒಳಗಿನ ತೇವ ಅಲ್ಲೇ ಬೆವರಿ ಬೂಷ್ಟು ಹಿಡಿಯುತ್ತದೆ. ಹಿಂದೆ ತಾಲ್ಲೂಕು ಕಚೇರಿಗಳಲ್ಲಿ ಬಟ್ಟೆಯ ರುಮಾಲಿನಲ್ಲಿ ಕಟ್ಟಿಡುತ್ತಿದ್ದರು. ಹಳೆಯ ಪಂಚೆಯೊಂದು ಸಾಕು. ಪಕ್ಕದಲ್ಲಿ ನಾಲ್ಕು ನುಸಿಗುಳಿಗೆ. ಕೈಯಲ್ಲಿ ಫೋನು ಇದ್ದೇ ಇದೆ, ಒಂದೊಂದು ಪುಟದ ಫೋಟೋ ತೆಗೆದು ಮುಖ್ಯ ಗುರುಗಳ ಬಳಿ ಒಂದು ಪ್ರತಿ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಬಳಿ ಒಂದು ಪ್ರತಿ ಇಡಿ. ಜನರ ಜಾತಿ, ಜನ್ಮದಿನ ಎಲ್ಲ ಅದರಲ್ಲಿರುತ್ತದೆ, ಹಾಗಾಗಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಫೋಟೋ ಇದೆ ಎಂದು ಪುಸ್ತಕ ಕೆಳಗೇ ಬಿಡುವುದೂ ಬೇಡ. ಸಹಿ, ಮೊಹರು ಬೀಳುವುದು ಪುಸ್ತಕ ನೋಡಿ.

ನಿಲಯದವರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಅಕ್ಷರ ದಾಸೋಹದ, ಅಂದರೆ ಬಿಸಿಯೂಟದ ಉಳಿದ ಅಕ್ಕಿ, ಬೇಳೆ ತೂಗಿ ಬರೆದು, ಅಡುಗೆಯವರು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಅಧ್ಯಕ್ಷರ ಎದುರು ಸಹಿ ಹಾಕಿಸಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿಡಿ. ನೀರಿನ ಟ್ಯಾಂಕು ಈಗಲೇ ತೊಳೆಸಿ, ಮುಚ್ಚಳಕ್ಕೆ ಭಾರ ಇಡಿ. ಛಾವಣಿಯ ಮೇಲೆ ಬಾಗಿದ ಕೊಂಬೆ ಇದ್ದರೆ ಪಂಚಾಯಿತಿಗೆ ಬರವಣಿಗೆಯಲ್ಲಿ ಕೊಡಿ, ಬಾಯಿಮಾತು ಬೇಡ.

ಕೊನೆಯ ತರಗತಿಯ ಮಕ್ಕಳ, ಊರು ಬಿಡುವ ಮಕ್ಕಳ ಟಿ.ಸಿ., ಅಂದರೆ ವರ್ಗಾವಣೆ ಪತ್ರದ ವಿಷಯ. ತೋಟದ ಕೆಲಸಕ್ಕೆ ಬಂದ ಸಂಸಾರಗಳು ಏಪ್ರಿಲ್‌ನಲ್ಲಿ ಊರು ಬಿಡುತ್ತವೆ. ಅವರು ಕೇಳಿದ ಕೂಡಲೇ ಟಿ.ಸಿ. ಕೊಡಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮೇ ಹೇಳುತ್ತದೆ. ಇನ್ನೊಂದು ಶಾಲೆಯವರು ಟಿ.ಸಿ. ತಡವಾಯಿತು ಎಂದು ಮಗುವನ್ನು ಹೊರಗೆ ನಿಲ್ಲಿಸುವಂತೆಯೂ ಇಲ್ಲ. ಟಿ.ಸಿ. ಕೊಟ್ಟ ದಿನವೇ ದಾಖಲಾತಿ ಪುಸ್ತಕದಲ್ಲಿ ಶಾಲೆ ಬಿಟ್ಟ ದಿನಾಂಕ, ಬಿಟ್ಟ ಕಾರಣ ಪೂರ್ತಿಯಾಗಿ, ಬಾಲ್‌ಪೆನ್ನಿನಲ್ಲಿ ಬರೆಯಿರಿ. ಶಾಯಿ ಪೆನ್ನಿನ ಅಕ್ಷರ ನೀರು ಕಂಡರೆ ಹರಡುತ್ತದೆ.

ರಜೆಯಲ್ಲಿ ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ನೋಟಿಸ್ ಬೋರ್ಡಿನಲ್ಲಿ ಬರೆದು ಹೋಗಿ. ದೂರದ ಊರಿನವರಾದರೆ ಶಾಲೆಯ ಹತ್ತಿರ ಇರುವ ಇನ್ನೊಬ್ಬ ಶಿಕ್ಷಕರಿಗೆ ಕೊಟ್ಟು, ಕೊಟ್ಟಿದ್ದನ್ನು ಚಾರ್ಜ್ ಪುಸ್ತಕದಲ್ಲಿ ಬರೆಯಿರಿ. ಮೇ ತಿಂಗಳ ಮೊದಲ ದೊಡ್ಡ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಅವರು ಒಮ್ಮೆ ಹೋಗಿ, ಬೀರುವಿನ ಮೇಲಿನ ಹೆಂಚು ಸರಿದಿದೆಯಾ ಎಂದು ತಲೆಯೆತ್ತಿ ನೋಡಿ ಬರಲಿ. ನಮಸ್ಕಾರ.