ಬೇಟೆಗಾರರ ಕೈಯಲ್ಲಿದ್ದ ಕಾಗದ: 'ಡ್ರಾಕುಲಾ' ಕುರಿತು ಒಂದು ಉಪನ್ಯಾಸ

ಸಹೃದಯ ಮಿತ್ರರೆ,

ಪಿಶಾಚಿಯನ್ನು ಬೆನ್ನಟ್ಟುವವರ ಕಥೆ ಎಂದೊಡನೆ ಕಣ್ಣ ಮುಂದೆ ಬರುವುದು ಶಿಲುಬೆ, ಬೆಳ್ಳುಳ್ಳಿ, ಎದೆಗೆ ಹೊಡೆಯುವ ಮರದ ಗೂಟ. ಬ್ರಾಮ್ ಸ್ಟೋಕರ್ ಬರೆದು 1897ರ ಮೇ ತಿಂಗಳಲ್ಲಿ ಪ್ರಕಟವಾದ 'ಡ್ರಾಕುಲಾ' ಕಾದಂಬರಿಯಲ್ಲಿ ಇವೆಲ್ಲವೂ ಇವೆ. ಆದರೆ ಸಿನಿಮಾಗಳ ನೆನಪನ್ನು ಬದಿಗಿಟ್ಟು ಅದನ್ನು ಓದಿದರೆ, ಅಲ್ಲಿನ ಬೇಟೆಗಾರರು ಬಹಳಷ್ಟು ಹೊತ್ತು ಬರೆಯುತ್ತ, ಓದುತ್ತ, ಒಬ್ಬರ ಬರಹವನ್ನು ಇನ್ನೊಬ್ಬರದರೊಂದಿಗೆ ತಾಳೆ ನೋಡುತ್ತ ಕೂತಿರುವುದು ಕಾಣುತ್ತದೆ. ತಿಳಿದದ್ದನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟಾಗಲೆಲ್ಲ ಅವರು ಸೋಲುತ್ತಾರೆ, ಹಂಚಿಕೊಂಡ ಮೇಲೆಯೇ ಅವರ ಕೈ ಮೇಲಾಗುತ್ತದೆ ಎಂಬುದನ್ನು ಕಾದಂಬರಿಯ ಕೆಲವು ಸನ್ನಿವೇಶಗಳ ಮೂಲಕ ತಮ್ಮ ಮುಂದಿಡುವುದು ಇಂದಿನ ನನ್ನ ಉದ್ದೇಶ.

ಡಬ್ಲಿನ್ನಿನ ಬಳಿ 1847ರಲ್ಲಿ ಹುಟ್ಟಿದ ಸ್ಟೋಕರ್, ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ನಟ ಹೆನ್ರಿ ಇರ್ವಿಂಗ್ ಅವರ ವ್ಯವಸ್ಥಾಪಕರಾಗಿ ದಶಕಗಳ ಕಾಲ ದುಡಿದವರು. ಪತ್ರವ್ಯವಹಾರ, ಲೆಕ್ಕಪತ್ರ, ನಾಟಕ ತಂಡದ ಪ್ರವಾಸದ ಏರ್ಪಾಡುಗಳು ಅವರ ದಿನನಿತ್ಯದ ಕೆಲಸವಾಗಿದ್ದವು. ಕಾದಂಬರಿಯ ಟಿಪ್ಪಣಿಗಳನ್ನು ಅವರು ಆರಂಭಿಸಿದ್ದು 1890ರಲ್ಲಿ. ಆ ಬೇಸಿಗೆಯಲ್ಲಿ ವಿಟ್ಬಿ ಎಂಬ ಕಡಲತೀರದ ಊರಿನ ಗ್ರಂಥಾಲಯದಲ್ಲಿ, ಇಂದಿನ ರುಮೇನಿಯದ ಭಾಗಗಳಾದ ವಲಾಕಿಯ ಮತ್ತು ಮೊಲ್ಡೇವಿಯಗಳನ್ನು ಕುರಿತ ಹಳೆಯ ಪುಸ್ತಕವೊಂದರಲ್ಲಿ, ಅವರಿಗೆ 'ಡ್ರಾಕುಲಾ' ಎಂಬ ಹೆಸರು ಸಿಕ್ಕಿತು. 1885ರಲ್ಲಿ ಅದೇ ತೀರದಲ್ಲಿ ದಡಕ್ಕಪ್ಪಳಿಸಿದ್ದ 'ದ್ಮಿತ್ರಿ' ಎಂಬ ರಷ್ಯನ್ ಹಡಗು ಕಾದಂಬರಿಯಲ್ಲಿ 'ಡಿಮೀಟರ್' ಆಯಿತು. ಪಿಶಾಚಿಯ ಕೋಟೆಯಿರುವ ಟ್ರಾನ್ಸಿಲ್ವೇನಿಯಕ್ಕೆ ಅವರು ಒಮ್ಮೆಯೂ ಕಾಲಿಟ್ಟವರಲ್ಲ. ಆ ಬೆಟ್ಟದಾರಿಗಳನ್ನೂ ಅಲ್ಲಿನ ನಂಬಿಕೆಗಳನ್ನೂ ಪುಸ್ತಕಗಳಿಂದಲೇ ಕಟ್ಟಿಕೊಂಡರು.

ಈ ಕಾದಂಬರಿಯಲ್ಲಿ ಕಥೆ ಹೇಳುವ ಒಬ್ಬ ನಿರೂಪಕನಿಲ್ಲ. ವಕೀಲ ಜೊನಾಥನ್ ಹಾರ್ಕರ್ ಶೀಘ್ರಲಿಪಿಯಲ್ಲಿ ಬರೆದ ದಿನಚರಿ, ಮಾನಸಿಕ ಚಿಕಿತ್ಸಾಲಯ ನಡೆಸುವ ಡಾಕ್ಟರ್ ಸೀವರ್ಡ್ ಫೋನೋಗ್ರಾಫಿನ ಮೇಣದ ಸುರುಳಿಗಳಿಗೆ ಹೇಳಿಟ್ಟ ಮಾತು, ಗೆಳತಿಯರ ಪತ್ರಗಳು, ತಂತಿಗಳು, ಪತ್ರಿಕೆಯ ತುಣುಕುಗಳು, ಹಡಗಿನ ಕಪ್ತಾನನ ದಾಖಲೆ ಸೇರಿ ಕಥೆಯಾಗುತ್ತದೆ. ಬೇಟೆಗಾರರಲ್ಲಿ ಹಲವರಿಗೆ ದಿನಚರಿಯಿದೆ, ಪಿಶಾಚಿಯಾದ ಕೌಂಟ್ ಡ್ರಾಕುಲಾನಿಗೆ ಇಲ್ಲ. ಆದರೆ ಅವನೂ ಓದುವವನೇ. ಅವನ ಕೋಟೆಯಲ್ಲಿ ಬಂದಿಯಾಗಿದ್ದ ಹಾರ್ಕರ್ ಒಂದು ಸಂಜೆ ಕೊಠಡಿಗೆ ಬಂದಾಗ, ಶತಮಾನಗಳ ವಯಸ್ಸಿನ ಆ ರಕ್ತಪಿಶಾಚಿ ಸೋಫಾದ ಮೇಲೆ ಒರಗಿಕೊಂಡು ಇಂಗ್ಲೆಂಡಿನ ರೈಲು ವೇಳಾಪಟ್ಟಿಯನ್ನು ಓದುತ್ತಿರುತ್ತಾನೆ. ಇಡೀ ಕಾದಂಬರಿಯಲ್ಲಿ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ ಚಿತ್ರ ಅದು.

ಇಂಗ್ಲೆಂಡಿನಲ್ಲಿ ಪಿಶಾಚಿಗೆ ಬಲಿಯಾದ ಯುವತಿ ಲೂಸಿಯ ಪ್ರಸಂಗವನ್ನು ನೋಡಿ. ಆಮ್‌ಸ್ಟರ್‌ಡ್ಯಾಮಿನಿಂದ ಬಂದ ಪ್ರೊಫೆಸರ್ ವಾನ್ ಹೆಲ್ಸಿಂಗ್ ಅವಳ ಕೋಣೆಯ ತುಂಬ ಬೆಳ್ಳುಳ್ಳಿ ಹೂಗಳನ್ನು ಇಡಿಸುತ್ತಾನೆ, ಕಿಟಕಿ ಭದ್ರಪಡಿಸುತ್ತಾನೆ, ಆದರೆ ಏಕೆಂದು ಯಾರಿಗೂ ಹೇಳುವುದಿಲ್ಲ. ಮರುದಿನ ಬೆಳಿಗ್ಗೆ ಲೂಸಿಯ ತಾಯಿ ನಗುಮುಖದಿಂದ ಎದುರುಗೊಂಡು, ಮಗಳ ಕೋಣೆಯಲ್ಲಿ ವಾಸನೆ ಹೊಡೆಯುತ್ತಿದ್ದ ಹೂಗಳನ್ನೆಲ್ಲ ತೆಗೆದುಹಾಕಿ, ಗಾಳಿಯಾಡಲೆಂದು ಕಿಟಕಿಯನ್ನೂ ಸ್ವಲ್ಪ ತೆರೆದಿಟ್ಟೆನೆಂದು ಹೇಳುತ್ತಾಳೆ. ಆಕೆಯ ಹೃದಯ ದುರ್ಬಲ, ನಿಜ ಹೇಳಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಪ್ರೊಫೆಸರ್ ಅವಳ ಮುಂದೆ ಮುಗುಳ್ನಗುತ್ತಾನೆ, ಅವಳು ಅತ್ತ ಹೋದ ಮೇಲೆ ಮುಖ ಮುಚ್ಚಿಕೊಂಡು ಬಿಕ್ಕಳಿಸುತ್ತಾನೆ. ಒಟ್ಟು ನಾಲ್ವರು ಗಂಡಸರ ರಕ್ತವನ್ನು ಲೂಸಿಗೆ ಕೊಟ್ಟರೂ ಅವಳು ಉಳಿಯುವುದಿಲ್ಲ. (ರಕ್ತದ ಗುಂಪುಗಳನ್ನು ವಿಜ್ಞಾನಿ ಲ್ಯಾಂಡ್‌ಸ್ಟೈನರ್ ವಿವರಿಸಿದ್ದು 1901ರಲ್ಲಿ, ಸ್ಟೋಕರ್ ಬರೆಯುವಾಗ ಗುಂಪು ಹೊಂದದ ರಕ್ತ ಕೊಡುವುದರ ಅಪಾಯ ತಿಳಿದಿರಲಿಲ್ಲ.)

ಇದಾದ ಮೇಲೆ ಕಥೆಯನ್ನು ಕೈಗೆತ್ತಿಕೊಳ್ಳುವವಳು ಹಾರ್ಕರನ ಹೆಂಡತಿ ಮೀನಾ. ಅವಳಿಗೆ ಶೀಘ್ರಲಿಪಿ ಗೊತ್ತು, ಬೆರಳಚ್ಚು ಗೊತ್ತು, ರೈಲುಗಳ ವೇಳೆ ಬಾಯಿಪಾಠ. ಗಂಡನ ದಿನಚರಿಯನ್ನೂ ಡಾಕ್ಟರರ ಮೇಣದ ಸುರುಳಿಗಳನ್ನೂ ಬೆರಳಚ್ಚಿಸಿ, ಮೂರು ಮೂರು ಪ್ರತಿ ತೆಗೆದು, ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ಇಡುತ್ತಾಳೆ. ಆ ಕಂತೆಯನ್ನು ಓದಿದ ಮೇಲೆಯೇ ಹಾರ್ಕರ್, ಸೀವರ್ಡ್, ವಾನ್ ಹೆಲ್ಸಿಂಗ್ ಮತ್ತು ಲೂಸಿಯನ್ನು ಪ್ರೀತಿಸಿದ್ದ ಆರ್ಥರ್, ಕ್ವಿನ್ಸಿ ಮಾರಿಸ್ ಎಂಬ ಐವರು ಗಂಡಸರಿಗೆ ತಾವು ಬೆನ್ನಟ್ಟಬೇಕಾದದ್ದು ಏನೆಂದು ಪೂರ್ತಿಯಾಗಿ ತಿಳಿಯುತ್ತದೆ. ಆಗ ಅವರು ಮಾಡುವುದೇನು? ಅವಳ ಬುದ್ಧಿಯನ್ನು ಬಾಯ್ತುಂಬ ಹೊಗಳಿದ ಪ್ರೊಫೆಸರೇ, ಹೆಂಗಸಿಗೆ ಇದು ತಕ್ಕ ಕೆಲಸವಲ್ಲವೆಂದು ಹೇಳಿ, ಅವಳನ್ನು ಮಲಗಲು ಕಳುಹಿಸುತ್ತಾನೆ.

ಮುಂದಿನ ಪುಟಗಳಲ್ಲಿ ಸ್ಟೋಕರ್ ಅವರ ಕಸುಬುಗಾರಿಕೆ ತುಂಬಾ ಎತ್ತರದ್ದು. ಗಂಡಸರು ಪಕ್ಕದ ಪಾಳುಮನೆಯಲ್ಲಿ ಪಿಶಾಚಿ ಮಲಗಲೆಂದು ತನ್ನ ನಾಡಿನಿಂದ ತಂದ ಮಣ್ಣಿನ ಪೆಟ್ಟಿಗೆಗಳನ್ನು ಎಣಿಸುತ್ತಿರುವಾಗ ಅದು ಮೀನಾಳ ಕೋಣೆಗೆ ಮಂಜಾಗಿ ಇಳಿದು ಅವಳ ರಕ್ತ ಹೀರುತ್ತದೆ. ಹಾರ್ಕರ್ ತನ್ನ ದಿನಚರಿಯಲ್ಲಿ ಹೆಂಡತಿ ಬಿಳಿಚಿಕೊಂಡಿದ್ದಾಳೆಂದು ಬರೆಯುತ್ತಾನೆ, ಅವಳನ್ನು ಇದರಿಂದ ದೂರ ಇಟ್ಟದ್ದು ಒಳ್ಳೆಯದಾಯಿತೆಂದೂ ಬರೆದುಕೊಳ್ಳುತ್ತಾನೆ. ಇದೇ ಬಿಳುಪನ್ನು ಲೂಸಿಯ ಮುಖದಲ್ಲಿ ದಿನಗಟ್ಟಲೆ ನೋಡಿದ ಇಬ್ಬರು ವೈದ್ಯರು ಅದೇ ಮನೆಯಲ್ಲಿದ್ದಾರೆ, ಅವರಿಗೂ ಹೊಳೆಯುವುದಿಲ್ಲ. ಹೊಳೆಯುವುದು ಚಿಕಿತ್ಸಾಲಯದ ರೋಗಿ ರೆನ್‌ಫೀಲ್ಡ್‌ಗೆ. ಮೀನಾಳನ್ನು ನೋಡಿ ಅವಳು ನೀರು ಬೆರೆಸಿದ ಚಹಾದಂತಾಗಿದ್ದಾಳೆ ಎಂದುಕೊಳ್ಳುವವನು ಅವನು. ಮನೆಯವರೊಬ್ಬರು ಕರೆಯದೆ ಪಿಶಾಚಿ ಮೊದಲ ಸಲ ಒಳಗೆ ಬರಲಾರದು ಎಂಬುದು ಕಾದಂಬರಿಯ ನಿಯಮ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಹಿಂದಕ್ಕಟ್ಟಿದ ನಮ್ಮೂರಿನ ಜನರಿಗೆ ಹೊಸ್ತಿಲಿನ ಈ ಕಟ್ಟನ್ನು ವಿವರಿಸಬೇಕಾಗಿಲ್ಲ. ಅದನ್ನು ಒಳಗೆ ಕರೆದವನೂ ರೆನ್‌ಫೀಲ್ಡೇ, ಕೊನೆಗೆ ಮೀನಾಳಿಗಾಗಿ ಅದರೊಡನೆ ಬರಿಗೈಯಲ್ಲಿ ಹೋರಾಡಿ ಸಾಯುವವನೂ ಅವನೇ. ವಾನ್ ಹೆಲ್ಸಿಂಗನ ದೀರ್ಘ ಭಾಷಣಗಳು ನನಗೆ ಹಲವೆಡೆ ಬೇಸರ ತಂದಿವೆ, ಆದರೆ ರೆನ್‌ಫೀಲ್ಡನ ಒಂದು ಮಾತೂ ಹೆಚ್ಚೆನಿಸಿಲ್ಲ.

ಆ ರಾತ್ರಿಯೇ ಕೌಂಟ್ ಸೀವರ್ಡನ ಕೋಣೆಗೆ ನುಗ್ಗಿ ಹಸ್ತಪ್ರತಿಗಳನ್ನೂ ಮೇಣದ ಸುರುಳಿಗಳನ್ನೂ ಬೆಂಕಿಗೆ ಎಸೆಯುತ್ತಾನೆ. ತನ್ನ ನಿಜವಾದ ಶತ್ರು ಎಲ್ಲಿದೆಯೆಂದು ಅವನಿಗೆ ಗೊತ್ತಾಗಿದೆ. ಆದರೆ ಮೀನಾ ತೆಗೆದ ಇನ್ನೊಂದು ಪ್ರತಿ ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ.

ಇನ್ನು ಮುಂದೆ ಮೀನಾಳಿಗೆ ಏನನ್ನೂ ಮುಚ್ಚಿಡುವುದಿಲ್ಲವೆಂದು ಅವರು ನಿಶ್ಚಯಿಸುತ್ತಾರೆ. ರಕ್ತದ ನಂಟಿನಿಂದ ಅವಳ ಮನಸ್ಸಿನ ಮೂಲಕ ಕೌಂಟ್ ತಮ್ಮ ಯೋಜನೆಯನ್ನು ತಿಳಿಯಬಹುದೆಂಬ ಭಯದಿಂದ ನಡುವೆ ಮತ್ತೊಮ್ಮೆ ಮೌನ ತಾಳಿದರೂ, ದಾರಿ ತಪ್ಪಿದಾಗ ಅವಳ ಬಳಿಗೇ ಬರುತ್ತಾರೆ. ಐವತ್ತು ಪೆಟ್ಟಿಗೆಗಳಲ್ಲಿ ನಲವತ್ತೊಂಬತ್ತನ್ನು ನಿಷ್ಪ್ರಯೋಜಕಗೊಳಿಸಿದಾಗ, ಉಳಿದ ಒಂದರಲ್ಲಿ ಅವನು ಹಡಗು ಹತ್ತಿ ಓಡುತ್ತಾನೆ. ವಾರ್ನಾದಲ್ಲಿ ಕಾದವರಿಗೆ ಹಡಗು ಗಲಾಟ್ಸ್ ಬಂದರಿಗೆ ಹೋಯಿತೆಂಬ ತಂತಿ ಬರುತ್ತದೆ. ಗಂಡಸರು ದಣಿದು ಮಲಗಿರುವಾಗ ಮೀನಾ ನಕಾಶೆಗಳನ್ನೂ ಕಾಗದಗಳನ್ನೂ ಹರಡಿಕೊಂಡು, ರಸ್ತೆ, ರೈಲು, ನೀರು ಎಂಬ ಮೂರು ದಾರಿಗಳನ್ನು ತೂಗಿ, ಅವನು ಸೆರೆತ್ ನದಿಯ ಮೇಲೆಯೇ ಸಾಗುತ್ತಿರಬೇಕೆಂದು ಟಿಪ್ಪಣಿ ಬರೆಯುತ್ತಾಳೆ. ಅವಳ ಊಹೆ ಸರಿಯಾಗುತ್ತದೆ. ನವೆಂಬರ್ 6ರ ಸೂರ್ಯಾಸ್ತದ ಹೊತ್ತಿಗೆ ಹಾರ್ಕರನ ಕುಕ್ರಿ ಕತ್ತಿ ಪಿಶಾಚಿಯ ಕೊರಳನ್ನೂ, ಟೆಕ್ಸಾಸಿನ ಕ್ವಿನ್ಸಿ ಮಾರಿಸನ ಚೂರಿ ಅದರ ಎದೆಯನ್ನೂ ಸೀಳುತ್ತವೆ. ಗೂಟದ ಮಾತೇ ಅಲ್ಲಿಲ್ಲ. ಗಾಯಗೊಂಡ ಮಾರಿಸ್ ಅಲ್ಲೇ ಪ್ರಾಣ ಬಿಡುತ್ತಾನೆ.

ಏಳು ವರ್ಷಗಳ ನಂತರ ಹಾರ್ಕರ್ ಆ ಕಂತೆಯನ್ನು ಹೊರತೆಗೆದು ನೋಡುತ್ತಾನೆ. ಮೂಲ ದಾಖಲೆಯೆಂದು ಹೇಳಬಹುದಾದದ್ದು ಅದರಲ್ಲಿ ಹೆಚ್ಚೇನೂ ಇಲ್ಲ, ಬಹುತೇಕ ಎಲ್ಲವೂ ಅವನ ಹೆಂಡತಿ ಬೆರಳಚ್ಚಿಸಿದ ಹಾಳೆಗಳೇ. ವಾನ್ ಹೆಲ್ಸಿಂಗ್ ಪಕ್ಕದಲ್ಲಿದ್ದಾನೆ, ಅವನ ತೊಡೆಯ ಮೇಲೆ ಮೀನಾಳ ಮಗ. ತಂಡದವರೆಲ್ಲರ ಹೆಸರುಗಳನ್ನು ಸೇರಿಸಿ ಹೆಸರಿಟ್ಟಿದ್ದರೂ ಮನೆಯಲ್ಲಿ ಕರೆಯುವುದು ಕ್ವಿನ್ಸಿ ಎಂದೇ.