ಹಂಡೆ ನೀರು ತಣ್ಣಗಾದ್ರೆ ಹಳ್ಳಕ್ಕೆ ಓಡಬೇಕು

ಬೆಳಗ್ಗೆ ಬಚ್ಚಲಿಗೆ ಹೋಗಿ ಕೈ ಇಟ್ರೆ ಹಂಡೆ ನೀರು ತಣ್ಣಗೆ. ಅಲ್ಲಿಗೇ ಗೊತ್ತಾಯ್ತು, ಹಳ್ಳದ ನೀರಿಂದ ಮನೆಗೆ ಕರೆಂಟ್ ಮಾಡೋ ನಮ್ಮ ಟರ್ಬೈನ್ ಚಕ್ರದ ಹತ್ರ ಏನೋ ಆಗಿದೆ ಅಂತ. ಮನೆಗೆ ಬಳಸಿ ಮಿಕ್ಕಿದ ಕರೆಂಟೆಲ್ಲ ಹಂಡೆಯ ಕಾಯಿಲ್‌ಗೆ ಹೋಗೋ ಹಾಗೆ ಮಾಡಿದೀವಿ. ಮಿಕ್ಕಿದ್ದು ಎಲ್ಲೂ ಖರ್ಚಾಗದಿದ್ರೆ ಚಕ್ರ ಹುಚ್ಚೆದ್ದು ತಿರುಗಿ, ವೋಲ್ಟೇಜ್ ಏರಿ, ಬಲ್ಬೆಲ್ಲ ಸುಟ್ಟುಹೋಗ್ತವೆ.

ಮೀಟರ್ ನೋಡಿ, 160 ವೋಲ್ಟ್. ಇರಬೇಕಾಗಿದ್ದು 230. ಊರಿನ ಲೈನ್ ಮೇಲೆ ಮರ ಬಿದ್ದು ಇವತ್ತಿಗೆ ನಾಲ್ಕು ದಿನ, ನಮಗೆ ಇದೇ ಗತಿ. ಅಪ್ಪಯ್ಯ ಆಗ್ಲೇ ಕೊಪ್ಪೆ ಹಾಕ್ಕೊಂಡು ಹೊರಟಾಯ್ತು.

ಪೈಪ್ ಜೊತೆಗೇ ಹತ್ತೋಣ. ಮೇಲೆ ಹಳ್ಳಕ್ಕೆ ಹಾಕಿದ ಕಟ್ಟದಿಂದ ಚಕ್ರಕ್ಕೆ 30 ಮೀಟರ್ ಎತ್ತರ. ಸೆಕೆಂಡಿಗೆ 7 ಲೀಟರ್ ನೀರು ಬಂದ್ರೆ ಲೆಕ್ಕದ ಪ್ರಕಾರ 2 ಕಿಲೋವ್ಯಾಟ್. ಪೈಪು, ಚಕ್ರ, ಜನರೇಟರ್ ಎಲ್ಲ ಅವರವರ ಪಾಲು ತಿಂದು ನಮ್ಮ ಕೈಗೆ ಬರೋದು 1. ಕಮ್ಮಿ ಅನ್ಸುತ್ತಾ? ರಾತ್ರಿ ಹಗಲು ಓಡುತ್ತೆ ಸ್ವಾಮಿ, ದಿನಕ್ಕೆ 24 ಯೂನಿಟ್! ಶಿವನಸಮುದ್ರದಲ್ಲೂ ಇದೇ, ಮೇಲಿಂದ ನೀರು, ಕೆಳಗೆ ಚಕ್ರ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು, ಬೆಂಗಳೂರಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ಒಂದ್ಸಲ ಅಲ್ಲಿಗೆ... ಹಾಂ, ಕಟ್ಟ ಬಂತು.

ಪೈಪಿನ ಬಾಯಿಯ ಜಾಲರಿ ತುಂಬ ಎಲೆ. ಅದು ಮಾಮೂಲಿ, ಬಾಚಿ ತೆಗೆದ್ವಿ. ಆದ್ರೂ ಕೆಳಗೆ ನೀರಿನ ರಭಸ ಏರ್ಲಿಲ್ಲ. ವಾಪಸ್ ಇಳಿದು, ವಾಲ್ವ್ ಮುಚ್ಚಿ, ಚಕ್ರಕ್ಕೆ ನೀರು ಚಿಮ್ಮಿಸೋ ನಾಜಲ್ ಬಿಚ್ಚಿದ್ರೆ ಏನು ಗೊತ್ತಾ? ಶಾಂಪೂ ಚೀಟಿ. ಒಂದಲ್ಲ, ಮೂರು! ಜಾಲರಿ ಮೂಲೆ ಹರಿದಿತ್ತು, ಅಲ್ಲಿಂದ ನುಗ್ಗಿವೆ. ಮೇಲಿನ ಗುಂಡಿಗೆ ಸ್ನಾನಕ್ಕೆ ಬರೋರ ಕೆಲಸ ಇದು. ನೀವು ಎಸೆದ ಅಂಗೈ ಅಗಲದ ಪ್ಲಾಸ್ಟಿಕ್ಕು ಒಂದು ಮನೆಯ ಕರೆಂಟನ್ನೇ ನಿಲ್ಲಿಸುತ್ತೆ. ಅಪ್ಪಯ್ಯನಿಗೆ ಅರವತ್ತೆಂಟು ವರ್ಷ. ಈ ಮಳೆಯಲ್ಲಿ, ಉಂಬಳ ಕಚ್ಚಿಸ್ಕೊಂಡು, ಜಾರೋ ಬಂಡೆ ಮೇಲೆ ಕೂತು ಬೋಲ್ಟ್ ಬಿಚ್ತಿದ್ದಾರೆ, ನೋಡಿ. ಚೀಟಿ ಜೇಬಲ್ಲಿ ಇಟ್ಕೊಂಡು ಹೋಗೋಕೆ ಏನು ಭಾರ?

ಇದನ್ನೆಲ್ಲ ಕಿತ್ತು ಸೋಲಾರ್ ಹಾಕ್ಸೋಣ ಅಂತ ಹತ್ತುವಾಗ ಅಪ್ಪಯ್ಯನ ಹತ್ರ ಹೇಳಿದ್ದೆ. ಬೇಡ, ಆ ಮಾತು ವಾಪಸ್ ತಗೊಂಡೆ. ಆಷಾಢದಲ್ಲಿ ನಮ್ಮ ಕಡೆ ಸೂರ್ಯನೇ ಕಾಣಲ್ಲ, ಹಳ್ಳ ಮಾತ್ರ ತುಂಬಿರುತ್ತೆ. ಬೇಸಿಗೆಗೆ ಬೇಕಾದ್ರೆ ಸೋಲಾರ್ ಇರ್ಲಿ, ಆಗ ಹಳ್ಳ ಒಣಗುತ್ತೆ.

ವಾಲ್ವ್ ಬಿಟ್ರು, ಸದ್ದು ಕೇಳಿ! 190... 215... 228. ಬಂತು! ಹಂಡೆಯಲ್ಲಿ 50 ಲೀಟರ್ ಇದೆ, ಕಾಯೋಕೆ ಎರಡು ಗಂಟೆ ಬೇಕು. ಮೊದಲ ಸ್ನಾನ ಅಪ್ಪಯ್ಯಂದು.